ಸಂಶೋಧನೆಯನ್ನು ತರಗತಿಗೆ ಇಳಿಸುವುದು ಹೇಗೆ? ಹಾಸನ, ಚಿಕ್ಕಮಗಳೂರಿನ ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಸಕಲೇಶಪುರದ ತೋಟಗಳ ನಡುವೆ ಹದಿನಾಲ್ಕು ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೂ ಅರಸೀಕೆರೆಯ ಬಯಲಿನಲ್ಲಿ ಇನ್ನೂರು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೂ ಬರುವ ಸುತ್ತೋಲೆ ಒಂದೇ. ಅದರಲ್ಲಿ ‘ಸಂಶೋಧನೆಗಳಿಂದ ದೃಢಪಟ್ಟಿದೆ’ ಎಂಬ ಸಾಲು ಹೆಚ್ಚಾಗಿ ಇದ್ದೇ ಇರುತ್ತದೆ. ಯಾವ ಸಂಶೋಧನೆ, ಯಾವ ಮಕ್ಕಳ ಮೇಲೆ, ಯಾವುದರೊಡನೆ ಹೋಲಿಸಿ ದೃಢಪಟ್ಟಿತು ಎಂದು ತರಬೇತಿಯಲ್ಲಿ ಕೇಳಿ ನೋಡಿ. ಚಹಾ ವಿರಾಮ ಬೇಗ ಬರುತ್ತದೆ.

ಶಿಕ್ಷಕರು, ಸಿ.ಆರ್.ಪಿ.ಗಳು (ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಗಳು), ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕರು, ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಆ ಪ್ರಶ್ನೆಗೆ ತಾವೇ ಉತ್ತರ ಹುಡುಕಿಕೊಳ್ಳಲಿ ಎಂದು ಈ ಬರಹ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಡೆ ಗೆದ್ದ ಕಾರ್ಯಕ್ರಮವನ್ನು ಇಡಿಯಾಗಿ ಹೊತ್ತು ತಂದರೆ ಪ್ರಯೋಜನ ಕಡಿಮೆ. ಅದು ಯಾವ ಕಾರಣಕ್ಕೆ ಗೆದ್ದಿತು ಎಂದು ತಿಳಿಯಬೇಕು, ಆ ಕಾರಣ ನಮ್ಮ ಶಾಲೆಗೆ ಹೊಂದುತ್ತದೆಯೇ ಎಂದು ನೋಡಬೇಕು, ಹೊಂದಿದರೆ ಸಣ್ಣ ಪ್ರಮಾಣದಲ್ಲಿ, ಹೋಲಿಕೆ ಇಟ್ಟುಕೊಂಡು ಮಾಡಿ ನೋಡಬೇಕು. ಉಳಿದದ್ದೆಲ್ಲ ಇದರ ವಿವರ.

ಹಂತ 1: ದೂರನ್ನು ಪ್ರಶ್ನೆಯಾಗಿಸಿ

‘ಐದನೇ ತರಗತಿಗೆ ಬಂದರೂ ಮಕ್ಕಳಿಗೆ ಓದಲು ಬರುವುದಿಲ್ಲ’ ಎನ್ನುವುದು ದೂರು. ಯಾವ ಸಂಶೋಧನೆಯೂ ದೂರಿಗೆ ಉತ್ತರ ಕೊಡಲಾರದು. ಯಾವ ಮಗು ಎಲ್ಲಿ ನಿಂತಿದೆ ಎಂದು ತಿಳಿದ ಮೇಲೆಯೇ ಪ್ರಶ್ನೆ ಹುಟ್ಟುತ್ತದೆ.

ಇದನ್ನು ತಿಳಿಯಲು ಲಿಖಿತ ಪರೀಕ್ಷೆ ಸಾಲದು. ಓದಲು ಬಾರದ ಮಗು ಲಿಖಿತ ಪರೀಕ್ಷೆಯಲ್ಲಿ ಸೊನ್ನೆ ತೆಗೆಯುತ್ತದೆ, ಇಲ್ಲವೇ ಪಕ್ಕದವರನ್ನು ನೋಡಿ ಬರೆಯುತ್ತದೆ. ಎರಡರಿಂದಲೂ ನಿಮಗೆ ಸುಳಿವು ಸಿಗುವುದಿಲ್ಲ. ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆ ಹಿಡಿದ ದಾರಿ ಸರಳವಾದದ್ದು: ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಹಾಳೆಯನ್ನು ಗಟ್ಟಿಯಾಗಿ ಓದಿಸುವುದು. ಅಕ್ಷರ, ಪದ, ಒಂದನೇ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿಯ ಮಟ್ಟದ ಪುಟ್ಟ ಕಥೆ, ಇಷ್ಟೇ. ಗಣಿತದಲ್ಲಿ ಅಂಕಿ ಗುರುತಿಸುವುದು, ಎರಡಂಕಿಯ ದಶಕಸಹಿತ ವ್ಯವಕಲನ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು. ಒಂದು ಮಗುವಿಗೆ ಹತ್ತು ನಿಮಿಷದೊಳಗೆ ಮುಗಿಯುತ್ತದೆ.

ಕನ್ನಡದ ಓದಿಗೆ ಇನ್ನೊಂದೆರಡು ಮೆಟ್ಟಿಲುಗಳನ್ನು ನೀವೇ ಸೇರಿಸಿಕೊಳ್ಳಬೇಕು, ಮತ್ತು ಇದಕ್ಕೆ ಸಂಶೋಧನೆಯ ಆಧಾರವಿದೆ. ಕನ್ನಡ ಕಲಿಯುವ ಮಕ್ಕಳ ಮೇಲೆ ಸೊನಾಲಿ ನಾಗ್ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಜ್ಞಾನ ಪೂರ್ತಿಯಾಗಲು ನಮ್ಮ ಲಿಪಿಯಲ್ಲಿ ವರ್ಷಗಳೇ ಹಿಡಿಯುತ್ತವೆ, ಅದು ಒಂದನೇ ತರಗತಿಯಲ್ಲಿ ಮುಗಿಯುವ ಕೆಲಸವಲ್ಲ ಎಂದು ತೋರಿಸಿತು. ಇಂಗ್ಲಿಷಿನ ಮಗು 26 ಅಕ್ಷರ ಕಲಿತು ಗುಣಿತಾಕ್ಷರಗಳ ಗೋಜಿಲ್ಲದೆ ಮುಂದೆ ಹೋಗುತ್ತದೆ. ನಮ್ಮ ಮಗು 49 ಅಕ್ಷರಗಳ ಬೆನ್ನಿಗೇ ನೂರಾರು ಗುಣಿತಾಕ್ಷರಗಳನ್ನೂ ಒತ್ತಕ್ಷರಗಳನ್ನೂ ಎದುರಿಸುತ್ತದೆ. ಆದ್ದರಿಂದ ‘ಅಕ್ಷರ ಬರುತ್ತದೆ, ಪದ ಬರುವುದಿಲ್ಲ’ ಎಂದು ಬರೆದು ನಿಲ್ಲಿಸಬೇಡಿ. ಮೂಲಾಕ್ಷರ, ದೀರ್ಘ ಹ್ರಸ್ವ ಸೇರಿದ ಗುಣಿತಾಕ್ಷರ, ಸಜಾತಿ ಒತ್ತು (ಅಕ್ಕ, ಅಪ್ಪ), ವಿಜಾತಿ ಒತ್ತು (ರಸ್ತೆ, ಪುಸ್ತಕ), ವಾಕ್ಯ, ಕಥೆ ಎಂದು ಬೇರೆ ಬೇರೆ ಸಾಲುಗಳನ್ನು ಬರೆದುಕೊಳ್ಳಿ. ಕಥೆಯನ್ನು ಓದಿದ ಮೇಲೆ ಒಂದೇ ಒಂದು ಪ್ರಶ್ನೆ ಕೇಳಿ. ರಾಗವಾಗಿ ಓದಿ ಅರ್ಥ ಹೇಳಲಾಗದ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಅವರ ತೊಡಕು ಬೇರೆ.

ವರ್ಷಾರಂಭದ ಸೇತುಬಂಧದ ಪೂರ್ವ ಪರೀಕ್ಷೆಯನ್ನು ಹೇಗೂ ಮಾಡುತ್ತೀರಿ. ಅದನ್ನೇ ಈ ರೀತಿ ಬಾಯಿಮಾತಿನಲ್ಲಿ ಮಾಡಿದರೆ ಹೊಸ ಹೊರೆಯೇನೂ ಬೀಳುವುದಿಲ್ಲ. ಆದರೆ ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ಜೂನ್‌ನ ಅಂಕಿಗಳನ್ನು ಮಾತ್ರ ನಂಬಿ ಕೂರಬೇಡಿ. ಹಳ್ಳ ಉಕ್ಕಿ ಬಾರದವರು, ಮಳೆ ರಜೆಯ ಮರುದಿನ ಬಂದವರು ಸೇರಿಕೊಂಡ ಆ ಅಂಕಿಗಳು ಅರ್ಧ ಮಳೆಯ ಲೆಕ್ಕ. ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಓದಿಸಿ.

ಇನ್ನೊಂದು ಮಾತು. ಹದಿನಾಲ್ಕು ಮಕ್ಕಳಿರುವ ಶಾಲೆಯಲ್ಲಿ ಶೇಕಡಾವಾರು ಬರೆಯಬೇಡಿ. ಅಲ್ಲಿ ಒಂದು ಮಗು ಎಂದರೆ ಶೇ 7. ಒಬ್ಬಳು ಅಜ್ಜಿಯ ಮನೆಗೆ ಹೋದರೆ ಶಾಲೆಯ ‘ಸಾಧನೆ’ ಏಳು ಅಂಶ ಏರುತ್ತದೆ ಅಥವಾ ಇಳಿಯುತ್ತದೆ. ಹೆಸರುಗಳ ಪಟ್ಟಿಯೇ ನಿಮ್ಮ ಅಂಕಿಅಂಶ. ಅದು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿರಲಿ, ಗೋಡೆಯ ಮೇಲೆ ಬೇಡ.

ಹಂತ 2: ಕಾರಣಗಳನ್ನು ಬೇರ್ಪಡಿಸಿ

ಪಟ್ಟಿ ಸಿದ್ಧವಾದ ಮೇಲೆ ಪ್ರತಿ ಹೆಸರಿನ ಮುಂದೆ ಒಂದು ಕಾರಣ ಬರೆಯಿರಿ. ಇದನ್ನು ಬಿಟ್ಟು ನೇರವಾಗಿ ‘ಪರಿಹಾರ ಬೋಧನೆ’ಗೆ ಹಾರುವುದೇ ನಮ್ಮಲ್ಲಿ ರೂಢಿ.

ಕಾಫಿ ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ಹಾಜರಿ. ಅರೇಬಿಕಾ ಕುಯ್ಲು ನವೆಂಬರ್‌ನಲ್ಲಿ ಶುರುವಾಗಿ ಜನವರಿವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ಮಕ್ಕಳು ಆಗ ತಮ್ಮ ತಂಗಿಯನ್ನೋ ತಮ್ಮನನ್ನೋ ನೋಡಿಕೊಂಡು ಮನೆಯಲ್ಲೇ ಉಳಿಯುತ್ತಾರೆ, ಅಥವಾ ತಂದೆತಾಯಿಯ ಜೊತೆ ಮತ್ತೊಂದು ತೋಟಕ್ಕೆ ಹೋಗಿಬಿಡುತ್ತಾರೆ. ಇಂಥ ಮಗುವಿಗೆ ಬೋಧನಾ ವಿಧಾನ ಬದಲಿಸಿ ಫಲವಿಲ್ಲ. ಮಗು ಅಲ್ಲಿ ಇರುವುದೇ ಇಲ್ಲವಲ್ಲ. ಎರಡನೆಯದು ಮನೆಮಾತು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು, ತಮಿಳು ತುಳು ಮಾತನಾಡುವವರು, ಕಡೂರು ತರೀಕೆರೆ ಕಡೆ ಲಂಬಾಣಿ ಮಾತನಾಡುವವರು ಅಕ್ಷರವನ್ನು ಸರಿಯಾಗಿಯೇ ಗುರುತಿಸಿ ಪದದ ಅರ್ಥದಲ್ಲಿ ಸೋಲುತ್ತಾರೆ. ಇವರಿಗೆ ಬೇಕಾದದ್ದು ಮಾತು, ಕಥೆ, ಸಂಭಾಷಣೆ. ಇನ್ನೊಂದು ಸುತ್ತು ಕಾಗುಣಿತವಲ್ಲ.

ಮೂರನೆಯ ಗುಂಪು ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಇವರು ದಿನವೂ ಶಾಲೆಗೆ ಬರುತ್ತಾರೆ, ಮನೆಯಲ್ಲಿ ಕನ್ನಡವೇ ಆಡುತ್ತಾರೆ, ಆದರೂ ಎಲ್ಲೋ ಒಂದು ಮೆಟ್ಟಿಲಲ್ಲಿ ನಿಂತುಬಿಟ್ಟಿದ್ದಾರೆ. ಇದಕ್ಕೆ ವ್ಯವಸ್ಥೆಯಲ್ಲೇ ಒಂದು ಕಾರಣವಿದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿ ಬಂದ ಶಿಕ್ಷಕರಿಂದ ಆರಂಭವಾದ ನಲಿ-ಕಲಿ 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ಅಲ್ಲಿ ಮಗು ತನ್ನ ಮೈಲಿಗಲ್ಲಿನಿಂದ ಮುಂದಿನ ಮೈಲಿಗಲ್ಲಿಗೆ ತನ್ನದೇ ವೇಗದಲ್ಲಿ ಹೋಗಬಹುದು. ಮೂರನೇ ತರಗತಿ ಮುಗಿಯುತ್ತಲೇ ಆ ಏಣಿ ಮುಗಿಯುತ್ತದೆ. ಒತ್ತಕ್ಷರದ ಮೈಲಿಗಲ್ಲಿನಲ್ಲೇ ಇದ್ದ ಮಗುವಿನ ಕೈಗೆ ನಾಲ್ಕನೇ ತರಗತಿಯ ಪಠ್ಯಪುಸ್ತಕ ಬರುತ್ತದೆ. ಶಿಕ್ಷಕರಿಗೆ ಪಠ್ಯ ಮುಗಿಸುವ ಅವಸರ. ಮಗು ಅಲ್ಲೇ ಉಳಿಯುತ್ತದೆ, ಪುಸ್ತಕ ಮುಂದೆ ಹೋಗುತ್ತದೆ.

ಕಣ್ಣು, ಕಿವಿಯ ತೊಂದರೆ, ಹಸಿವು, ಮನೆಯ ಗಲಾಟೆ ಇಂಥವು ಉಳಿದವರ ಮುಂದೆ ಬರುತ್ತವೆ. ಕಣ್ಣಿನ ತಪಾಸಣೆಯನ್ನಂತೂ ಮೊದಲ ವಾರವೇ ಮಾಡಿಸಿ.

ಹಂತ 3: ಸಂಶೋಧನೆಯನ್ನು ಹುಡುಕಿ, ಅನುಮಾನದಿಂದ ಓದಿ

ಈಗ ನಿಮ್ಮ ಪ್ರಶ್ನೆ ಹೀಗಿದೆ ಎಂದುಕೊಳ್ಳೋಣ: ‘ದಿನವೂ ಬರುವ, ಆದರೆ ತರಗತಿಯ ಮಟ್ಟಕ್ಕಿಂತ ಎರಡು ವರ್ಷ ಹಿಂದಿರುವ ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ಓದು ಕಲಿಸಲು ಏನು ಕೆಲಸ ಮಾಡಿದೆ?’ ಇಷ್ಟು ನಿಖರವಾದ ಪ್ರಶ್ನೆಗೆ ಉತ್ತರ ಇದೆ.

ಮುಂಬೈ ಮತ್ತು ವಡೋದರಾದಲ್ಲಿ 2001ರಿಂದ 2003ರವರೆಗೆ ಪ್ರಥಮ್ ನಡೆಸಿದ ‘ಬಾಲಸಖಿ’ ಕಾರ್ಯಕ್ರಮವನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿ, ಅದೇ ಊರಿನ ಯುವತಿಯೊಬ್ಬಳು ಅವರ ಮಟ್ಟದಿಂದಲೇ ಕಲಿಸುವುದು ಅದರ ತಿರುಳು. ಕಲಿಕೆ ಸ್ಪಷ್ಟವಾಗಿ ಏರಿತು, ಅದರಲ್ಲೂ ಹಿಂದುಳಿದವರಲ್ಲಿ. ಬ್ಯಾನರ್ಜಿ, ಡುಫ್ಲೊ ಇಬ್ಬರೂ ಮೈಕೆಲ್ ಕ್ರೆಮರ್ ಜೊತೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ನಮ್ಮಲ್ಲಿ ನಾಲ್ಕು ಐದನೇ ತರಗತಿಗೆಂದು ಬಂದ ‘ಓದು ಕರ್ನಾಟಕ’ದ ಬೇರು ಇದೇ ಆಲೋಚನೆಯಲ್ಲಿದೆ.

ಎಲ್ಲಿ ಹುಡುಕಬೇಕು? ಬ್ರಿಟನ್ನಿನಲ್ಲಿ 2011ರಲ್ಲಿ ಸ್ಥಾಪನೆಯಾದ ಎಜುಕೇಶನ್ ಎಂಡೋಮೆಂಟ್ ಫೌಂಡೇಶನ್‌ನ ಟೂಲ್‌ಕಿಟ್ ಉಚಿತವಾಗಿದೆ. ಪ್ರತಿ ವಿಧಾನದ ಖರ್ಚು, ಪರಿಣಾಮ, ಪುರಾವೆ ಎಷ್ಟು ಗಟ್ಟಿ ಎಂಬ ಮೂರನ್ನೂ ಅಲ್ಲಿ ಬೇರೆ ಬೇರೆಯಾಗಿ ತೋರಿಸುತ್ತಾರೆ. ಪುರಾವೆಯ ಗಟ್ಟಿತನಕ್ಕೆ ಬೀಗದ ಗುರುತುಗಳಿವೆ. ಪರಿಣಾಮದ ಅಂಕಿ ನೋಡುವ ಮುನ್ನ ಬೀಗಗಳನ್ನು ಎಣಿಸಿ. ಭಾರತದ ಅಧ್ಯಯನಗಳಿಗೆ ಜೆ-ಪಾಲ್ ಎಂಬ ಸಂಶೋಧನಾ ಸಂಸ್ಥೆಯ ದಕ್ಷಿಣ ಏಷ್ಯಾ ಘಟಕದ ಸಾರಾಂಶಗಳು ಅನುಕೂಲ. ಕನ್ನಡದಲ್ಲೇ ಓದಬೇಕೆಂದರೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅನುವಾದಗಳಿವೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಡಯಟ್ ಇದೆ. ಪ್ರತಿ ತಾಲ್ಲೂಕಿಗೆ ಒಬ್ಬ ನೋಡಲ್ ಉಪನ್ಯಾಸಕರಿರುತ್ತಾರೆ. ಇಂಗ್ಲಿಷ್ ವರದಿಯನ್ನು ಜೊತೆಗೆ ಕುಳಿತು ಓದಲು ಅವರನ್ನು ಕರೆಯಿರಿ. ಇದು ಅವರ ಕೆಲಸವೂ ಹೌದು.

ಓದುವಾಗ ಕೇಳಿಕೊಳ್ಳಬೇಕಾದದ್ದು ನಾಲ್ಕೇ: ಯಾರೊಡನೆ ಹೋಲಿಸಿದರು? ಯಾವ ಮಕ್ಕಳು? ಕಲಿಸಿದವರು ಯಾರು? ಎಷ್ಟು ದಿನದ ನಂತರ ಅಳೆದರು?

ಮೊದಲ ಪ್ರಶ್ನೆ ಏಕೆ ಮುಖ್ಯ ಎಂಬುದಕ್ಕೆ ಕೀನ್ಯಾದ ಒಂದು ಅಧ್ಯಯನ ಸಾಕು. ಗೋಡೆಗೆ ನೇತುಹಾಕುವ ದೊಡ್ಡ ಬೋಧನಾ ಚಾರ್ಟ್‌ಗಳಿದ್ದ ಶಾಲೆಗಳನ್ನೂ ಇಲ್ಲದ ಶಾಲೆಗಳನ್ನೂ ಸುಮ್ಮನೆ ಹೋಲಿಸಿದಾಗ ಚಾರ್ಟ್ ಇದ್ದ ಕಡೆ ಅಂಕ ಹೆಚ್ಚಿತ್ತು. ಆದರೆ 178 ಶಾಲೆಗಳನ್ನು ತೆಗೆದುಕೊಂಡು, ಲಾಟರಿಯಂತೆ ಆರಿಸಿ ಅರ್ಧಕ್ಕೆ ಮಾತ್ರ ಚಾರ್ಟ್ ಕೊಟ್ಟು ನೋಡಿದಾಗ ವ್ಯತ್ಯಾಸವೇ ಕಾಣಲಿಲ್ಲ. ಚಾರ್ಟ್ ಕೊಳ್ಳುವಷ್ಟು ಚುರುಕಾದ ಶಾಲೆ ಬೇರೆ ವಿಷಯಗಳಲ್ಲೂ ಚುರುಕಾಗಿರುತ್ತದೆ. ಮೊದಲ ಹೋಲಿಕೆ ಅಳೆದದ್ದು ಆ ಚುರುಕನ್ನು. ಈ ಅಧ್ಯಯನ ಪ್ರಕಟವಾದದ್ದು 2004ರಲ್ಲಿ. ಅದನ್ನು ಓದಿದ ಮೇಲೆ ‘ಸ್ಮಾರ್ಟ್ ಬೋರ್ಡ್ ಇರುವ ಶಾಲೆಗಳಲ್ಲಿ ಫಲಿತಾಂಶ ಹೆಚ್ಚು’ ಎಂಬ ವರದಿಯನ್ನು ಮೊದಲಿನಂತೆ ಓದಲಾಗುವುದಿಲ್ಲ.

ಎರಡನೇ ಪ್ರಶ್ನೆಗೂ ಕೀನ್ಯಾದ್ದೇ ಉದಾಹರಣೆ. ಉಚಿತ ಪಠ್ಯಪುಸ್ತಕ ಕೊಟ್ಟಾಗ ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಬಹುಪಾಲು ಮಕ್ಕಳಿಗೆ ಅದು ಮೂರನೆಯ ಭಾಷೆ. ಸರ್ಕಾರಿ ಶಾಲೆಯಲ್ಲಿ ಆಂಗ್ಲ ಮಾಧ್ಯಮ ವಿಭಾಗ ತೆರೆಯಲು ಓಡಾಡುತ್ತಿರುವ ಎಸ್.ಡಿ.ಎಂ.ಸಿ.ಗಳು ಇದನ್ನು ಒಮ್ಮೆ ಚರ್ಚಿಸಲಿ. ಪೋಷಕರ ಆಸೆ ತಪ್ಪಲ್ಲ, ಆದರೆ ಹಿಂದಿನ ಬೆಂಚಿನ ಮಗುವಿಗೆ ಏನಾಗುತ್ತದೆ ಎಂದು ಯಾರಾದರೂ ಕೇಳಬೇಕು.

ಗೆಲ್ಲದ್ದನ್ನೂ ಓದಿ. ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು ಎಂದು ವಿಂಗಡಿಸಿ ಅದರಂತೆ ಕಲಿಸಬೇಕು ಎಂಬ ಮಾತು ನಮ್ಮ ತರಬೇತಿಗಳಲ್ಲಿ ಇನ್ನೂ ಜೀವಂತವಾಗಿದೆ. 2008ರಲ್ಲೇ ಮನಶ್ಶಾಸ್ತ್ರಜ್ಞರ ಒಂದು ತಂಡ ಇದಕ್ಕೆ ತಕ್ಕ ಪುರಾವೆ ಇಲ್ಲವೆಂದು ವಿವರವಾಗಿ ತೋರಿಸಿದೆ. ಹರಿಯಾಣದಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಪರೀಕ್ಷಿಸಿದಾಗ ಕಲಿಕೆ ಏರಲಿಲ್ಲ. ಅದೇ ರಾಜ್ಯದಲ್ಲಿ ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸಿದ ಕಡೆ ಹಿಂದಿ ಓದು ಏರಿತು. ಈ ಮೌಲ್ಯಮಾಪನದ ಎಫ್.ಎ. (ರೂಪಣಾತ್ಮಕ), ಎಸ್.ಎ. (ಸಂಕಲನಾತ್ಮಕ) ದಾಖಲೆ ತುಂಬುವುದರಲ್ಲಿ ಭಾನುವಾರ ಕಳೆಯುವವರಿಗೆ ಇದು ಹೊಸ ಸುದ್ದಿಯಲ್ಲ.

ಹಂತ 4: ಕಾರಣ ಇಲ್ಲಿಗೂ ಬರುತ್ತದೆಯೇ?

ಬಾಲಸಖಿ ಗೆದ್ದಿತು, ಸರಿ. ಅದೇ ಕೆಲಸವನ್ನು ಸರ್ಕಾರಿ ಶಿಕ್ಷಕರ ಕೈಗೆ ಕೊಟ್ಟಾಗ ಏನಾಯಿತು ಎಂಬ ಕಥೆ ಅದಕ್ಕಿಂತ ಪಾಠದಾಯಕ.

ಬಿಹಾರ ಮತ್ತು ಉತ್ತರಾಖಂಡದಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟು, ಸಾಮಗ್ರಿ ಕೊಟ್ಟು ಕಳುಹಿಸಿದರು. ಪರಿಣಾಮ ಕಾಣಲಿಲ್ಲ. ಶಿಕ್ಷಕರು ತರಬೇತಿಗೆ ಬಂದಿದ್ದರು, ಸಾಮಗ್ರಿಯೂ ಶಾಲೆ ತಲುಪಿತ್ತು. ಆದರೆ ಮಕ್ಕಳನ್ನು ಮಟ್ಟದಂತೆ ಬೇರೆ ಕೂರಿಸುವ ಕೆಲಸ ದಿನಚರಿಯಲ್ಲಿ ಎಲ್ಲೂ ಜಾಗ ಪಡೆಯಲಿಲ್ಲ. ಆದರೆ ಬಿಹಾರದಲ್ಲೇ ಸರ್ಕಾರಿ ಶಿಕ್ಷಕರು ಬೇಸಿಗೆ ಶಿಬಿರದಲ್ಲಿ ಅದೇ ವಿಧಾನ ಬಳಸಿದಾಗ ಮಕ್ಕಳು ಕಲಿತರು, ಏಕೆಂದರೆ ಶಿಬಿರದಲ್ಲಿ ಮುಗಿಸಬೇಕಾದ ಪಠ್ಯವಿರಲಿಲ್ಲ. 2012-13ರಲ್ಲಿ ಹರಿಯಾಣದಲ್ಲಿ ಎರಡು ಬದಲಾವಣೆ ಮಾಡಿದರು: ಶಾಲಾ ವೇಳಾಪಟ್ಟಿಯಲ್ಲೇ ದಿನಕ್ಕೊಂದು ಗಂಟೆಯನ್ನು ಇದಕ್ಕೆಂದು ತೆಗೆದಿಟ್ಟರು, ಮೇಲ್ವಿಚಾರಣೆ ಮಾಡುವವರು ಮೊದಲು ತಾವೇ ಕೆಲವು ವಾರ ಮಕ್ಕಳಿಗೆ ಕಲಿಸಿ ಅಭ್ಯಾಸ ಮಾಡಿದರು. ಅಲ್ಲಿ ಹಿಂದಿ ಓದು ಏರಿತು.

ಹಾಗಾದರೆ ಗೆಲ್ಲಿಸಿದ ಕಾರಣ ಯಾವುದು? ಕಾರ್ಡು, ಚಾರ್ಟುಗಳಲ್ಲ. ವಯಸ್ಸು ತರಗತಿ ಬದಿಗಿಟ್ಟು ಮಟ್ಟದಂತೆ ಕೂರಿಸುವುದು, ಅದಕ್ಕೆ ಯಾರೂ ಮುಟ್ಟದ ಒಂದು ಗಂಟೆ, ಮತ್ತು ತಾನು ಮಾಡಿ ನೋಡಿದ ಮೇಲ್ವಿಚಾರಕ. ಈ ಮೂರರಲ್ಲಿ ನಿಮ್ಮ ಶಾಲೆಯಲ್ಲಿ ಯಾವುದಿದೆ ಎಂದು ನೋಡಿ. ಆಲೂರು, ಸಕಲೇಶಪುರದ ಏಕೋಪಾಧ್ಯಾಯ ಶಾಲೆಯಲ್ಲಿ ಮಕ್ಕಳು ಹೇಗೂ ಒಟ್ಟಿಗೇ ಕೂರುವುದರಿಂದ ಮೊದಲನೆಯದು ಸುಲಭ. ಆದರೆ ಶಿಕ್ಷಕರು ಸಭೆಗೆ ಹೋದ ದಿನ ಶಾಲೆಯ ಗಂಟೆಯೇ ಇಲ್ಲ. ಚನ್ನರಾಯಪಟ್ಟಣದ ದೊಡ್ಡ ಶಾಲೆಯಲ್ಲಿ ಗಂಟೆ ಸಿಗುತ್ತದೆ, ಆದರೆ ನಾಲ್ಕು, ಐದನೇ ತರಗತಿಯ ಶಿಕ್ಷಕರಿಬ್ಬರೂ ಒಪ್ಪದೆ ಮಕ್ಕಳನ್ನು ಬೆರೆಸಲಾಗುವುದಿಲ್ಲ. ಮೂರನೆಯದು ಸಿ.ಆರ್.ಪಿ.ಯವರ ಕೈಯಲ್ಲಿದೆ. ತಿಂಗಳಿಡೀ ಮಾಹಿತಿ ಸಂಗ್ರಹಿಸಿ ಕಳುಹಿಸುವ ಕೆಲಸವನ್ನೇ ಅವರಿಗೆ ಹೊರಿಸಿದರೆ ಅವರು ಕಲಿಸುವುದು ಯಾವಾಗ ಎಂಬುದು ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಉತ್ತರಿಸಬೇಕಾದ ಪ್ರಶ್ನೆ.

ಕಾರಣ ಹೊಂದದಿದ್ದರೆ ಇಲ್ಲಿಯೇ ನಿಲ್ಲಿಸಿ. ಹಾಜರಿ ತೊಂದರೆಯಿರುವ ಶಾಲೆಗೆ ಈ ವಿಧಾನ ತರುವುದಕ್ಕಿಂತ ತೋಟದ ಮಾಲೀಕರನ್ನು ಕಂಡು ಕುಯ್ಲಿನ ಕಾಲಕ್ಕೆ ಮಕ್ಕಳ ವಾಹನದ ಮಾತಾಡುವುದು, ಲೈನ್‌ಗಳ ಹತ್ತಿರವೇ ಋತುಮಾನ ಶಾಲೆ ಕೇಳುವುದು ಮೇಲು.

ಹಂತ 5: ಹೋಲಿಕೆ ಇಟ್ಟುಕೊಂಡು ಪ್ರಯೋಗ ಮಾಡಿ

ಬಿ.ಇಡಿ., ಡಿ.ಇಡಿ. ಮಾಡಿದ ಎಲ್ಲರಿಗೂ ಕ್ರಿಯಾ ಸಂಶೋಧನೆ ಗೊತ್ತು. ಪೂರ್ವ ಪರೀಕ್ಷೆ, ಚಟುವಟಿಕೆ, ಸಾಫಲ್ಯ ಪರೀಕ್ಷೆ, ‘ಗಣನೀಯ ಪ್ರಗತಿ ಕಂಡುಬಂದಿದೆ’ ಎಂಬ ಕೊನೆಯ ಸಾಲು. ಪ್ರಗತಿ ಕಾಣದ ಕ್ರಿಯಾ ಸಂಶೋಧನೆಯ ಕಡತವನ್ನು ನೀವು ನೋಡಿದ್ದೀರಾ? ಪ್ರಗತಿ ಕಾಣದಿರಲು ಸಾಧ್ಯವೇ ಇಲ್ಲ. ಮಕ್ಕಳು ಜೂನ್‌ನಿಂದ ಸೆಪ್ಟೆಂಬರ್‌ಗೆ ಹೇಗೂ ಬೆಳೆಯುತ್ತಾರೆ. ಜೊತೆಗೆ ಒಂದು ಪರೀಕ್ಷೆಯಲ್ಲಿ ತೀರಾ ಕೆಳಗೆ ಬಂದವರನ್ನೇ ಆರಿಸಿಕೊಂಡಾಗ, ಅವರಲ್ಲಿ ಕೆಲವರು ಅಂದು ಜ್ವರದಿಂದಲೋ ಭಯದಿಂದಲೋ ಹಾಗೆ ಬರೆದವರು. ಮುಂದಿನ ಬಾರಿ ಏನೂ ಮಾಡದಿದ್ದರೂ ಅವರ ಅಂಕ ಏರುತ್ತದೆ.

ಹೋಲಿಕೆಯಿಲ್ಲದೆ ಫಲ ತಿಳಿಯದು ಎಂಬುದು 1925ರಲ್ಲಿ ಆರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಗೊತ್ತು. ಹೊಸ ಗೊಬ್ಬರ ಹಾಕಿದ ತಾಕಿನ ಪಕ್ಕದಲ್ಲಿ ಹಳೆಯದನ್ನೇ ಹಾಕಿದ ತಾಕು ಇಲ್ಲದಿದ್ದರೆ ಹೂಮಳೆ ಚೆನ್ನಾಗಿ ಬಿದ್ದ ವರ್ಷದ ಫಸಲು ಗೊಬ್ಬರದ ಖಾತೆಗೆ ಹೋಗುತ್ತದೆ.

ಶಾಲೆಯಲ್ಲಿ ಪಕ್ಕದ ತಾಕು ಎಲ್ಲಿಂದ ಬರಬೇಕು? ಕ್ಲಸ್ಟರ್‌ನಿಂದ. ಹನ್ನೆರಡು ಶಾಲೆಗಳ ಕ್ಲಸ್ಟರ್ ಎಂದುಕೊಳ್ಳಿ. ಎಲ್ಲ ಶಾಲೆಗಳಲ್ಲೂ ಆಗಸ್ಟ್‌ನಲ್ಲಿ ಒಂದೇ ಹಾಳೆಯಿಂದ ಓದಿಸಿ. ಮಕ್ಕಳ ಸಂಖ್ಯೆ ಮತ್ತು ಮಟ್ಟ ನೋಡಿ ಸರಿಸುಮಾರು ಒಂದೇ ಬಗೆಯ ಶಾಲೆಗಳನ್ನು ಜೋಡಿ ಮಾಡಿ. ಸಮಾಲೋಚನಾ ಸಭೆಯಲ್ಲಿ ಎಲ್ಲರ ಎದುರು ಚೀಟಿ ಎತ್ತಿ. ಪ್ರತಿ ಜೋಡಿಯಲ್ಲಿ ಒಂದು ಶಾಲೆ ಈಗ ಶುರು ಮಾಡುತ್ತದೆ, ಇನ್ನೊಂದು ದಸರಾ ರಜೆಯ ನಂತರ. ಯಾವ ಮಗುವಿಗೂ ವಂಚನೆಯಿಲ್ಲ, ಸರದಿ ಮಾತ್ರ ಬೇರೆ. ಚೀಟಿಯ ಬದಲು ‘ಆಸಕ್ತಿ ಇರುವ ಶಾಲೆಗಳು ಮೊದಲು’ ಎಂದಿರೋ, ಕೀನ್ಯಾದ ಚಾರ್ಟ್ ಕಥೆ ಇಲ್ಲಿ ಮರುಕಳಿಸುತ್ತದೆ.

ಕಾಲವನ್ನೂ ಲೆಕ್ಕ ಹಾಕಿ. ಮಲೆನಾಡಿನಲ್ಲಿ ಜುಲೈ ಮಳೆಗೆ ಹೋಗುತ್ತದೆ, ನವೆಂಬರ್‌ನಿಂದ ಕುಯ್ಲು. ಆಗಸ್ಟ್ ಮಧ್ಯದಿಂದ ದಸರಾ ರಜೆಯವರೆಗಿನ ಆರೇಳು ವಾರಗಳೇ ನಿಮಗೆ ಸಿಗುವ ಒಳ್ಳೆಯ ಅವಧಿ. ಅರಸೀಕೆರೆ, ಕಡೂರಿನವರಿಗೆ ರಾಗಿ ಕೊಯ್ಲಿನವರೆಗೆ ಸಮಯವಿದೆ.

ಆ ಒಂದು ಗಂಟೆಯಲ್ಲಿ ಮಾಡುವುದೇನು? ಬೆಳಗಿನ ಪ್ರಾರ್ಥನೆಯ ನಂತರದ ಅವಧಿಯೇ ಒಳ್ಳೆಯದು. ಮಧ್ಯಾಹ್ನ ಬಿಸಿಯೂಟದ ಲೆಕ್ಕ, ಫೋನ್ ಕರೆಗಳು ಅದನ್ನು ತಿನ್ನುತ್ತವೆ. ಮೂರು ಗುಂಪು ಸಾಕು: ಅಕ್ಷರ ಮತ್ತು ಕಾಗುಣಿತದವರು, ಪದ ಮತ್ತು ಒತ್ತಕ್ಷರದವರು, ವಾಕ್ಯ ಓದುವವರು. ಮೊದಲು ಎಲ್ಲರೂ ಸೇರಿ ಒಂದು ಕಥೆ ಕೇಳಲಿ, ಮಾತಾಡಲಿ. ನಂತರ ಗುಂಪಿನ ಕೆಲಸ. ಕೆಳಗಿನ ಗುಂಪಿನಲ್ಲಿ ನೀವೇ ಕೂರಬೇಕು. ಓದುವವರು ತಾವಾಗಿ ಓದಿಕೊಳ್ಳುತ್ತಾರೆ. ಚುರುಕಾದ ಮಕ್ಕಳನ್ನು ಕೆಳಗಿನ ಗುಂಪಿಗೆ ಒಪ್ಪಿಸಿ ನೀವು ದಾಖಲೆ ಬರೆಯಲು ಕೂರುವುದಾದರೆ ಈ ಪ್ರಯೋಗ ಬೇಡ. ಹದಿನೈದು ದಿನಕ್ಕೊಮ್ಮೆ ಮತ್ತೆ ಓದಿಸಿ, ಏರಿದವರನ್ನು ಮುಂದಿನ ಗುಂಪಿಗೆ ಕಳುಹಿಸಿ. ಗುಂಪು ಖಾಯಂ ಆದರೆ ಅದು ‘ದಡ್ಡರ ಸಾಲು’ ಆಗುತ್ತದೆ, ಮಕ್ಕಳಿಗೆ ಅದು ಎರಡನೇ ದಿನವೇ ತಿಳಿಯುತ್ತದೆ.

ಪ್ರತಿದಿನ ಒಂದೇ ಒಂದು ಸಾಲಿನ ದಾಖಲೆ: ಇಂದು ಗಂಟೆ ನಡೆಯಿತೇ, ಎಷ್ಟು ನಿಮಿಷ, ಎಷ್ಟು ಮಕ್ಕಳು. ಇದಿಲ್ಲದೆ ಕೊನೆಗೆ ‘ವಿಧಾನ ಕೆಲಸ ಮಾಡಲಿಲ್ಲ’ ಎನ್ನುವುದಕ್ಕೂ ‘ವಿಧಾನ ನಡೆಯಲೇ ಇಲ್ಲ’ ಎನ್ನುವುದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಪ್ರೌಢಶಾಲೆಯವರಿಗೆ ಇಷ್ಟು ಏರ್ಪಾಡಿಲ್ಲದೆ ನಾಳೆಯೇ ಶುರು ಮಾಡಬಹುದಾದ ಒಂದು ವಿಷಯವಿದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಿದ್ದರು. ಪರೀಕ್ಷೆ ಹತ್ತಿರ ಬಂದಾಗ ನಾವು ಮಾಡಿಸುವ ‘ಮತ್ತೊಮ್ಮೆ ಓದು’ ಏಕೆ ಮೋಸ ಮಾಡುತ್ತದೆ ಎಂಬುದಕ್ಕೆ ಉತ್ತರ ಅಲ್ಲಿದೆ. ವಿಜ್ಞಾನದ ತರಗತಿಯ ಮೊದಲ ಐದು ನಿಮಿಷ, ಪುಸ್ತಕ ಮುಚ್ಚಿ ನಾಲ್ಕು ಪ್ರಶ್ನೆ: ಎರಡು ನಿನ್ನೆಯದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳದ್ದು. ಉತ್ತರವನ್ನು ಅಲ್ಲೇ ಹೇಳಿ, ಮಕ್ಕಳೇ ತಿದ್ದಿಕೊಳ್ಳಲಿ, ಅಂಕ ಬರೆದುಕೊಳ್ಳಬೇಡಿ. ಎ ವಿಭಾಗದಲ್ಲಿ ಒಂದು ಘಟಕಕ್ಕೆ ಹೀಗೆ ಮಾಡಿ, ಬಿ ವಿಭಾಗದಲ್ಲಿ ಇನ್ನೊಂದು ಘಟಕಕ್ಕೆ. ತಿಂಗಳ ನಂತರ ಎರಡೂ ಘಟಕಗಳ ಪ್ರಶ್ನೆ ಎರಡೂ ವಿಭಾಗಕ್ಕೆ ಕೊಡಿ. ಹೋಲಿಕೆ ತಾನಾಗಿ ಸಿಗುತ್ತದೆ.

ಹಂತ 6: ಅಂಕಿಯನ್ನು ಓದುವುದು

ಕೊನೆಯ ಓದಿಸುವಿಕೆಯನ್ನು ಆ ಶಾಲೆಯ ಶಿಕ್ಷಕರು ಮಾಡಬಾರದು. ಅಪನಂಬಿಕೆಯ ಮಾತಲ್ಲ, ಆರು ವಾರ ಬೆವರು ಸುರಿಸಿದವರಿಗೆ ಮಗುವಿನ ತೊದಲೂ ಓದಿನಂತೆ ಕೇಳಿಸುತ್ತದೆ. ಜೋಡಿ ಶಾಲೆಯವರು ಪರಸ್ಪರ ಬದಲಾಗಿ ಬಂದು ಓದಿಸಲಿ. ಹಾಳೆಯಲ್ಲಿ ಹೊಸ ಪದ, ಹೊಸ ಕಥೆ ಇರಲಿ.

ಆಮೇಲೆ ಎರಡೂ ಗುಂಪಿನಲ್ಲಿ ಎಷ್ಟು ಮಕ್ಕಳು ಕನಿಷ್ಠ ಒಂದು ಮೆಟ್ಟಿಲು ಏರಿದರು ಎಂದು ಎಣಿಸಿ. ಪ್ರ‍ಯೋಗದ ಶಾಲೆಗಳಲ್ಲಿ ಹತ್ತರಲ್ಲಿ ಆರು, ಉಳಿದವುಗಳಲ್ಲಿ ಹತ್ತರಲ್ಲಿ ಐದು ಎಂದು ಬಂದರೆ ಅದು ಆಕಸ್ಮಿಕವೂ ಇರಬಹುದು. ಹನ್ನೆರಡು ಶಾಲೆಗಳಿಂದ ಸಣ್ಣ ವ್ಯತ್ಯಾಸ ಹಿಡಿಯಲಾಗದು. ಹತ್ತರಲ್ಲಿ ಏಳು ಮತ್ತು ಮೂರು ಎಂದು ಬಂದರೆ, ಅದೂ ಆರು ಜೋಡಿಗಳಲ್ಲಿ ಐದರಲ್ಲಾದರೂ ಹಾಗೆಯೇ ಬಂದರೆ, ಮುಂದುವರಿಯಲು ಅಷ್ಟು ಸಾಕು.

ಅಳತೆಗೋಲೇ ಬದಲಾಗಿದ್ದರೆ ಹೋಲಿಸುವುದೇ ತಪ್ಪು. ಎಸ್‌ಎಸ್‌ಎಲ್‌ಸಿ ಉತ್ತೀರ್ಣ ಪ್ರಮಾಣ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ಇಷ್ಟೊಂದು ಮರೆತರೇ? ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. 2019ರಲ್ಲಿ ಹಾಸನ ಜಿಲ್ಲೆ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೆ ಮೊದಲು ಬಂದಾಗ ಅದರ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂದು ಜೋರು ಚರ್ಚೆ ನಡೆಯಿತು. ವಿಶೇಷ ತರಗತಿ, ಅಧಿಕಾರಿಗಳ ಭೇಟಿ, ಶಿಕ್ಷಕರ ಶ್ರಮ ಎಲ್ಲವೂ ಒಟ್ಟಿಗೇ, ಎಲ್ಲ ತಾಲ್ಲೂಕುಗಳಲ್ಲೂ ನಡೆದಾಗ ಯಾವುದು ಎಷ್ಟು ಕೊಟ್ಟಿತು ಎಂದು ಆಮೇಲೆ ಬೇರ್ಪಡಿಸಲು ಸಾಧ್ಯವಿಲ್ಲ. ಎಂಟು ತಾಲ್ಲೂಕುಗಳಲ್ಲಿ ನಾಲ್ಕರಲ್ಲಿ ಮೊದಲು ಶುರು ಮಾಡಿದ್ದರೆ ಆ ಚರ್ಚೆಗೆ ಉತ್ತರವೂ ಇರುತ್ತಿತ್ತು, ಬೇರೆ ಜಿಲ್ಲೆಗಳಿಗೆ ಕಲಿಯಲು ಏನಾದರೂ ಸಿಗುತ್ತಿತ್ತು.

ವ್ಯತ್ಯಾಸ ಕಾಣದಿದ್ದರೆ ಹಾಗೆಂದೇ ಬರೆಯಿರಿ. ದಿನದ ಸಾಲುಗಳನ್ನು ತೆರೆದು ನೋಡಿ: ಮೂವತ್ತೈದು ದಿನಗಳಲ್ಲಿ ಗಂಟೆ ನಡೆದದ್ದು ಹದಿನೆಂಟೇ ದಿನವೆಂದರೆ, ವಿಧಾನಕ್ಕಿಂತ ಮೊದಲು ವೇಳಾಪಟ್ಟಿಯನ್ನು ರಿಪೇರಿ ಮಾಡಬೇಕು.

ಹಂತ 7: ನೀತಿಯ ಮೇಜಿಗೆ

ಮೇಲಿನವರಿಗೆ ವರದಿ ಕಳುಹಿಸುವಾಗ ಒಂದೇ ಪುಟ. ಯಾವ ಪ್ರಶ್ನೆ, ಎಷ್ಟು ಶಾಲೆ ಮತ್ತು ಮಕ್ಕಳು, ಹೋಲಿಕೆ ಹೇಗೆ ಮಾಡಿದಿರಿ, ಏನು ಕಂಡಿತು, ಒಂದು ಮಗುವಿಗೆ ತಗುಲಿದ ಹಣ ಮತ್ತು ಶಿಕ್ಷಕರ ಗಂಟೆ, ಮತ್ತು ಕೊನೆಗೆ ನೀವು ಕೇಳುತ್ತಿರುವ ಒಂದೇ ಒಂದು ನಿರ್ಧಾರ. ‘ಗುಣಮಟ್ಟದ ಶಿಕ್ಷಣಕ್ಕೆ ಒತ್ತು ನೀಡಬೇಕು’ ಎಂಬುದು ನಿರ್ಧಾರವಲ್ಲ. ‘ಆಗಸ್ಟ್ 15ರಿಂದ ದಸರಾ ರಜೆಯವರೆಗೆ ಬೆಳಗಿನ ಮೊದಲ ಅವಧಿಯಲ್ಲಿ ತಾಲ್ಲೂಕಿನ ಯಾವ ಶಿಕ್ಷಕರನ್ನೂ ಸಭೆಗೆ, ತರಬೇತಿಗೆ ಕರೆಯಬಾರದು’ ಎಂಬುದು ನಿರ್ಧಾರ. ಬಿ.ಇ.ಒ. ಅದನ್ನು ಒಂದು ಸಹಿಯಿಂದ ಮಾಡಬಹುದು, ಖರ್ಚೂ ಇಲ್ಲ.

ಗ್ರಾಮ ಪಂಚಾಯಿತಿಗೆ, ದಾನಿಗಳಿಗೆ ಹೋಗುವಾಗ ಇನ್ನೊಂದು ಕಾಗದ ಜೊತೆಗಿರಲಿ. ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರ ಸೇರಿ ಕರೆದ ತಜ್ಞರ ಸಮಿತಿಯೊಂದು 2020ರಲ್ಲಿ ಶಿಕ್ಷಣದ ಖರ್ಚುಗಳನ್ನು ಪುರಾವೆಯ ಆಧಾರದಲ್ಲಿ ವಿಂಗಡಿಸಿತು. ಬೋಧನೆ ಬದಲಾಗದೆ ಬರೀ ಯಂತ್ರ, ಸಾಮಗ್ರಿಗಳಿಗೆ ಸುರಿಯುವ ಹಣ ಅದರಲ್ಲಿ ಕೆಟ್ಟ ಖರ್ಚಿನ ಸಾಲಿಗೆ ಸೇರಿತು. ಮಟ್ಟಕ್ಕೆ ತಕ್ಕ ಬೋಧನೆ ಒಳ್ಳೆಯ ಖರ್ಚಿನ ಸಾಲಿಗೆ. ಪ್ರೊಜೆಕ್ಟರ್ ಕೊಡಲು ಬಂದ ದಾನಿಯನ್ನು ವಾಪಸು ಕಳುಹಿಸಬೇಕಿಲ್ಲ. ಅದೇ ಹಣದಲ್ಲಿ ಊರಿನ ಪದವೀಧರೆಯೊಬ್ಬರನ್ನು ಎರಡು ತಿಂಗಳು ಆ ಒಂದು ಗಂಟೆಗೆ ಕರೆತರಬಹುದೇ ಎಂದು ಕೇಳಿ ನೋಡಿ.

ದೊಡ್ಡ ಯೋಜನೆ ಬರೆಯುವ ಆಸೆ ಹುಟ್ಟಿದರೆ ಮಧ್ಯಪ್ರದೇಶ ನೆನಪಿರಲಿ. ಅಲ್ಲಿ ಶಾಲೆಗಳ ಮೌಲ್ಯಮಾಪನ ಮಾಡಿ, ಪ್ರತಿ ಶಾಲೆಗೆ ಅಭಿವೃದ್ಧಿ ಯೋಜನೆ ಬರೆಸಿದ ಕಾರ್ಯಕ್ರಮವನ್ನು ಕಾರ್ತಿಕ್ ಮುರಳೀಧರನ್ ಮತ್ತು ಅಭಿಜಿತ್ ಸಿಂಗ್ ಪರೀಕ್ಷಿಸಿದರು. ಯೋಜನೆಗಳು ಬರೆಯಲ್ಪಟ್ಟವು, ಕಡತ ಸೇರಿದವು. ತರಗತಿಯಲ್ಲಿ ಬೋಧನೆಯೂ ಬದಲಾಗಲಿಲ್ಲ, ಕಲಿಕೆಯೂ ಏರಲಿಲ್ಲ. ಆದರೂ ಕಾಗದದ ಮೇಲೆ ಅದು ಯಶಸ್ಸೆಂದು ಎಣಿಸಲ್ಪಟ್ಟು ಇತರ ಕಡೆಗೂ ಹರಡಿತು. ನಮ್ಮ ಶಾಲಾ ಅಭಿವೃದ್ಧಿ ಯೋಜನೆಯ ಕಡತವನ್ನು ತೆರೆದು, ಅದರ ಯಾವ ಸಾಲಿನಿಂದ ನಾಳೆ ಬೆಳಗಿನ ಮೊದಲ ಅವಧಿ ಬದಲಾಗುತ್ತದೆ ಎಂದು ಹುಡುಕಿ.

ಎಸ್.ಡಿ.ಎಂ.ಸಿ. ಸಭೆಯಲ್ಲಿ ಪ್ರಮಾಣ, ಸರಾಸರಿಗಳ ಮಾತು ಬೇಡ. ಓದುವ ಹಾಳೆಯನ್ನೇ ಪೋಷಕರ ಕೈಗೆ ಕೊಟ್ಟು, ಮನೆಯಲ್ಲಿ ಮಗುವಿನಿಂದ ಓದಿಸಿ ನೋಡಿ ಎನ್ನಿ. ಶಾಲೆಗೆ ಕಟ್ಟಡ, ಕಾಂಪೌಂಡ್ ಬಿಟ್ಟು ಬೇರೆ ಏನನ್ನಾದರೂ ಕೇಳುವ ಎಸ್.ಡಿ.ಎಂ.ಸಿ. ಅಲ್ಲಿಂದ ಹುಟ್ಟುತ್ತದೆ.

ವರ್ಗಾವಣೆಗೆ ಮುನ್ನ

ನಮ್ಮ ಕಡೆ ಇಂಥ ಕೆಲಸ ಸಾಯುವುದು ಹೆಚ್ಚಾಗಿ ಕೌನ್ಸೆಲಿಂಗ್ ದಿನ. ಶಿಕ್ಷಕರು ಬೇರೆ ತಾಲ್ಲೂಕಿಗೆ ಹೋಗುತ್ತಾರೆ, ಟಿಪ್ಪಣಿ ಪುಸ್ತಕ ಅವರ ಚೀಲದಲ್ಲೇ ಹೋಗುತ್ತದೆ. ಅದನ್ನು ಮೊದಲ ದಿನದಿಂದಲೇ ಶಾಲೆಯ ಪುಸ್ತಕವಾಗಿ ಇಡಿ, ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಸೇರಿಸಿ. ಒಳಗೆ ಇರಬೇಕಾದವು: ಬಳಸಿದ ಓದುವ ಹಾಳೆಗಳು, ಆಗಸ್ಟ್ ಮತ್ತು ಅಕ್ಟೋಬರ್‌ನ ಹೆಸರುಪಟ್ಟಿ, ದಿನದ ಸಾಲುಗಳು, ಚೀಟಿ ಎತ್ತಿದ ಸಭೆಯ ನಡಾವಳಿಯ ಪ್ರತಿ, ಮೇಲೆ ಕಳುಹಿಸಿದ ಒಂದು ಪುಟ ಮತ್ತು ಅದಕ್ಕೆ ಬಂದ ಉತ್ತರ. ಇನ್ನೊಂದು ಪ್ರತಿ ಸಿ.ಆರ್.ಪಿ. ಬಳಿ, ಮತ್ತೊಂದು ಡಯಟ್‌ನಲ್ಲಿ. ಡಯಟ್‌ಗೆ ಕಳುಹಿಸುವ ಪ್ರತಿಯಲ್ಲಿ ಮಕ್ಕಳ ಹೆಸರಿನ ಬದಲು ಕ್ರಮಸಂಖ್ಯೆ ಮಾತ್ರ ಇರಲಿ. ಹೊಸಬರು ಬಂದ ವಾರದಲ್ಲೇ ಕೆಳಗಿನ ಗುಂಪಿನ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ, ಹಾಳೆ ಕೊಟ್ಟು, ಒಮ್ಮೆ ಓದಿಸಿ ತೋರಿಸಿ.